ಹೋಲ್ಟರ್ ಚೀಟಿಯಿಂದ ಕ್ಲೇಮಿನವರೆಗೆ: ಹೃದಯಲಯದ ದೀರ್ಘ ದಾಖಲೆಯ ಬಿಲ್ಲು, ಕೋಡು ಮತ್ತು ವಿಮೆ

ಹೃದಯದ ಲಯವನ್ನು ದಿನಗಟ್ಟಲೆ ಎಡೆಬಿಡದೆ ದಾಖಲಿಸುವ ಪರೀಕ್ಷೆಗೆ ರೋಗಿ ಆಸ್ಪತ್ರೆಯಲ್ಲಿ ಮಲಗಬೇಕಾಗಿಲ್ಲ. ಪುಟ್ಟ ಸಾಧನವೊಂದನ್ನು ಎದೆಗೆ ಅಂಟಿಸಿಕೊಂಡು ಮನೆಗೆ ಮರಳಿ, ನಿತ್ಯದ ಕೆಲಸಗಳಲ್ಲಿ ತೊಡಗಿ, ಗೊತ್ತುಪಡಿಸಿದ ಅವಧಿ ಮುಗಿದ ಮೇಲೆ ಅದನ್ನು ಹಿಂದಿರುಗಿಸಿದರೆ ಸಾಕು. ಚಿಕಿತ್ಸೆಯ ದೃಷ್ಟಿಯಿಂದ ಇದು ದೊಡ್ಡ ಅನುಕೂಲವಾದರೂ ಹಣದ ದೃಷ್ಟಿಯಿಂದ ತೊಡಕಿನ ಮೂಲವೂ ಇದೇ. ಭಾರತದ ಆರೋಗ್ಯ ವಿಮೆಯ ಹೆಚ್ಚಿನ ಪಾಲಿಸಿಗಳು ಕನಿಷ್ಠ 24 ಗಂಟೆಗಳ ಒಳರೋಗಿ ದಾಖಲಾತಿಯನ್ನು ಆಧಾರವಾಗಿಟ್ಟುಕೊಂಡು ರಚಿತವಾಗಿರುವುದರಿಂದ, ಆಸ್ಪತ್ರೆಯ ಹಾಸಿಗೆಯೇ ಇಲ್ಲದ ಈ ಪರೀಕ್ಷೆಯ ವೆಚ್ಚವನ್ನು ಯಾರು ಭರಿಸಬೇಕೆಂಬ ಪ್ರಶ್ನೆ ಪ್ರತಿ ಮನೆಯಲ್ಲೂ ಏಳುತ್ತದೆ.

ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಗಳಂಥ ಹಳೆಯ ಬಡಾವಣೆಗಳಲ್ಲಿ ಈ ಪ್ರಶ್ನೆಗೆ ಒಂದೇ ಉತ್ತರ ಸಿಗುವುದು ಕಷ್ಟ. ಒಂದೇ ಮನೆಯಲ್ಲಿ ಕೇಂದ್ರ ಸರ್ಕಾರದ ಪಿಂಚಣಿ ಪಡೆಯುವ ತಂದೆ, ಮಗನ ಕಂಪನಿಯ ಸಮೂಹ ವಿಮೆಗೆ ಸೇರಿದ ತಾಯಿ, ಸ್ವಂತ ಮೆಡಿಕ್ಲೇಮ್ ಪಾಲಿಸಿ ಹೊಂದಿದ ಚಿಕ್ಕಪ್ಪ, ಮೊಮ್ಮಗುವನ್ನು ನೋಡಿಕೊಳ್ಳಲು ಅಮೆರಿಕಕ್ಕೆ ಹೊರಟ ಅತ್ತೆ ಇರಬಹುದು. ನಾಲ್ವರಿಗೂ ವೈದ್ಯರು ಬರೆದುಕೊಡುವ ಪರೀಕ್ಷೆ ಒಂದೇ ಆದರೂ ಹಣ ಮರಳಿ ಬರುವ ದಾರಿ ಬೇರೆ ಬೇರೆ. ಈ ಎಲ್ಲ ದಾರಿಗಳಿಗೂ ಸಮಾನವಾದ ಒಂದು ಸಂಗತಿಯಿದೆ: ವೆಚ್ಚ ಮರಳುವುದೋ ಇಲ್ಲವೋ ಎಂಬುದು ಬಹುಮಟ್ಟಿಗೆ ಬಿಲ್ಲು ಸಿದ್ಧವಾಗುವ ಮೊದಲೇ, ವೈದ್ಯರು ಪರೀಕ್ಷೆಯ ಚೀಟಿಯಲ್ಲಿ ಬರೆಯುವ ಎರಡು ಮೂರು ಸಾಲುಗಳಲ್ಲಿ ನಿರ್ಧಾರವಾಗುತ್ತದೆ. ಆ ಸಾಲುಗಳಲ್ಲಿ ಏನಿರಬೇಕು, ಅವು ಯಾವ ಕೋಡುಗಳಾಗಿ ಬದಲಾಗುತ್ತವೆ, ಆ ಕೋಡುಗಳನ್ನು ವಿಮಾ ಕಂಪನಿ ಹೇಗೆ ಓದುತ್ತದೆ ಎಂಬುದನ್ನು ಈ ಲೇಖನ ವಿವರಿಸುತ್ತದೆ.

ಪರೀಕ್ಷೆಯ ಬಗೆಗಳು

ಆಸ್ಪತ್ರೆಯಲ್ಲಿ ಮಾಡುವ ಸಾಮಾನ್ಯ ಇಸಿಜಿ ಹೃದಯದ ವಿದ್ಯುತ್ ಚಟುವಟಿಕೆಯನ್ನು ಸುಮಾರು ಹತ್ತು ಸೆಕೆಂಡುಗಳ ಮಟ್ಟಿಗೆ ದಾಖಲಿಸುತ್ತದೆ. ಆ ಹತ್ತು ಸೆಕೆಂಡುಗಳಲ್ಲಿ ಲಯ ಸರಿಯಾಗಿದ್ದರೆ, ಬೆಳಗಿನ ಜಾವ ಅರ್ಧ ಗಂಟೆ ಎದೆ ಢವಗುಟ್ಟಿದ್ದಕ್ಕೆ ಕಾರಣ ಏನೆಂಬುದು ಕಾಗದದ ಮೇಲೆ ಮೂಡುವುದಿಲ್ಲ. ಈ ಕೊರತೆಯನ್ನು ನೀಗಿಸಲು ಅಮೆರಿಕದ ಮೊಂಟಾನಾದ ವಿಜ್ಞಾನಿ ನಾರ್ಮನ್ ಹೋಲ್ಟರ್ 1940ರ ದಶಕದಲ್ಲಿ ರೂಪಿಸಿದ ಮೊದಲ ಸಾಧನ ಸುಮಾರು 38 ಕಿಲೋ ತೂಗುತ್ತಿತ್ತು ಮತ್ತು ಅದನ್ನು ಬೆನ್ನಿಗೆ ಕಟ್ಟಿಕೊಂಡು ಓಡಾಡಬೇಕಿತ್ತು. ಇಂದು ಅದೇ ತತ್ತ್ವದ ಸಾಧನ ಅಂಗೈಗಿಂತ ಚಿಕ್ಕದಾಗಿದೆ. ಹೀಗೆ 24ರಿಂದ 48 ಗಂಟೆಗಳ ಕಾಲ ಎಡೆಬಿಡದೆ ದಾಖಲಿಸುವ ಪರೀಕ್ಷೆಗೆ ಹೋಲ್ಟರ್ ಎಂದೇ ಹೆಸರು. ತಂತಿಗಳಿಲ್ಲದ, ಎದೆಯ ಎಡಭಾಗಕ್ಕೆ ನೇರವಾಗಿ ಅಂಟಿಸುವ, ಒಂದರಿಂದ ಎರಡು ವಾರ ಕೆಲಸ ಮಾಡುವ ಸಾಧನವನ್ನು ಪ್ಯಾಚ್ ಎನ್ನುತ್ತಾರೆ. ರೋಗಿ ಗುಂಡಿ ಒತ್ತಿದಾಗ ಅಥವಾ ಲಯದಲ್ಲಿ ಏರುಪೇರು ಕಂಡಾಗ ಮಾತ್ರ ಆ ಭಾಗವನ್ನು ಉಳಿಸಿಕೊಳ್ಳುವ ಸಾಧನ ಇವೆಂಟ್ ರೆಕಾರ್ಡರ್. ಚರ್ಮದಡಿ ಚಿಕ್ಕ ಗಾಯ ಮಾಡಿ ಕೂರಿಸುವ, ವರ್ಷಗಟ್ಟಲೆ ಕೆಲಸ ಮಾಡುವ ಲೂಪ್ ರೆಕಾರ್ಡರ್ ಧರಿಸುವ ಸಾಧನವಲ್ಲ, ಅಳವಡಿಸುವ ಸಾಧನ. ಬಿಲ್ಲಿನಲ್ಲಿ ಅದರ ಲೆಕ್ಕವೇ ಬೇರೆ.

ಅವಧಿಯನ್ನು ಹೆಚ್ಚಿಸುವುದಕ್ಕೆ ಬಲವಾದ ವೈದ್ಯಕೀಯ ಕಾರಣವಿದೆ. ಹೃದಯದ ಮೇಲ್ಕೋಣೆಗಳು ಕ್ರಮವಾಗಿ ಸಂಕುಚಿಸದೆ ಅಡ್ಡಾದಿಡ್ಡಿಯಾಗಿ ಕಂಪಿಸುವ ಏಟ್ರಿಯಲ್ ಫಿಬ್ರಿಲೇಶನ್ ಎಂಬ ಲಯದೋಷ ಬಂದು ಹೋಗುವ ಸ್ವಭಾವದ್ದಾಗಿರಬಹುದು. ಅದು ಪಾರ್ಶ್ವವಾಯುವಿನ ಅಪಾಯವನ್ನು ಸುಮಾರು ಐದು ಪಟ್ಟು ಹೆಚ್ಚಿಸುತ್ತದೆ. ಕಾರಣ ತಿಳಿಯದ ಪಾರ್ಶ್ವವಾಯುವಿಗೆ ತುತ್ತಾದ 55 ವರ್ಷ ದಾಟಿದವರ ಮೇಲೆ ಕೆನಡಾದಲ್ಲಿ ನಡೆದು 2014ರಲ್ಲಿ ಪ್ರಕಟವಾದ ಎಂಬ್ರೇಸ್ ಅಧ್ಯಯನದಲ್ಲಿ, 24 ಗಂಟೆಗಳ ಹೋಲ್ಟರ್ ಶೇ 3.2 ರೋಗಿಗಳಲ್ಲಿ ಮಾತ್ರ ಈ ದೋಷವನ್ನು ಹಿಡಿದರೆ, 30 ದಿನ ಧರಿಸುವ ರೆಕಾರ್ಡರ್ ಶೇ 16.1 ರೋಗಿಗಳಲ್ಲಿ ಅದನ್ನು ಪತ್ತೆಮಾಡಿತು. ದೋಷ ಸಿಕ್ಕರೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧ ಆರಂಭಿಸಿ ಎರಡನೆಯ ಪಾರ್ಶ್ವವಾಯುವನ್ನು ತಪ್ಪಿಸಲು ಸಾಧ್ಯವಾಗುವುದರಿಂದ, ದೀರ್ಘ ದಾಖಲೆಯನ್ನು ಐಷಾರಾಮದ ಪರೀಕ್ಷೆಯೆಂದು ತಳ್ಳಿಹಾಕುವಂತಿಲ್ಲ. ವಿಮಾ ಕಂಪನಿಗೆ ಮನವರಿಕೆ ಮಾಡಿಕೊಡಬೇಕಾದದ್ದೂ ಇದನ್ನೇ.

ರೋಗಕ್ಕೊಂದು ಕೋಡು

ವಿಶ್ವ ಆರೋಗ್ಯ ಸಂಸ್ಥೆಯು ರೋಗ, ಲಕ್ಷಣ, ಗಾಯಗಳಿಗೆಲ್ಲ ಒಂದೊಂದು ಅಕ್ಷರ-ಅಂಕಿಗಳ ಗುರುತು ಕೊಟ್ಟು ಸಿದ್ಧಪಡಿಸಿದ ವರ್ಗೀಕರಣದ ಹತ್ತನೆಯ ಪರಿಷ್ಕರಣೆಯೇ ಐಸಿಡಿ-10. ಹನ್ನೊಂದನೆಯ ಪರಿಷ್ಕರಣೆ 2022ರ ಜನವರಿ 1ರಿಂದ ಜಾರಿಗೆ ಬಂದಿದ್ದರೂ ಭಾರತದ ವಿಮಾ ಅರ್ಜಿಗಳ ನಮೂನೆಯಲ್ಲಿ ಹತ್ತನೆಯದರ ಹೆಸರೇ ಅಚ್ಚಾಗಿದೆ. ವಿಮಾ ನಿಯಂತ್ರಣ ಪ್ರಾಧಿಕಾರ, ಅಂದರೆ ಐಆರ್‌ಡಿಎಐ, ನಿಗದಿಪಡಿಸಿದ ಕ್ಲೇಮ್ ಅರ್ಜಿಯಲ್ಲಿ ಎರಡು ಭಾಗಗಳಿವೆ: ‘ಎ’ ಭಾಗವನ್ನು ವಿಮೆದಾರರು ತುಂಬಬೇಕು, ‘ಬಿ’ ಭಾಗವನ್ನು ಆಸ್ಪತ್ರೆ ತುಂಬಬೇಕು. ಐಸಿಡಿ-10 ಕೋಡು ಬರೆಯುವ ಜಾಗ ಈ ‘ಬಿ’ ಭಾಗದಲ್ಲಿದೆ. ಹೆಚ್ಚಿನ ಕುಟುಂಬಗಳು ಈ ಪುಟವನ್ನು ಓದದೆಯೇ ಲಕೋಟೆಗೆ ಸೇರಿಸುತ್ತವೆ. ಕ್ಲೇಮಿನ ಹಣೆಬರಹ ಬರೆದಿರುವುದು ಅದೇ ಪುಟದಲ್ಲಿ.

ಹೃದಯಲಯದ ಪರೀಕ್ಷೆಗೆ ಸಂಬಂಧಿಸಿದ ಕೋಡುಗಳು ಮುಖ್ಯವಾಗಿ ಎರಡು ಅಧ್ಯಾಯಗಳಿಂದ ಬರುತ್ತವೆ. ರಕ್ತಪರಿಚಲನಾ ವ್ಯೂಹದ ರೋಗಗಳ ಕೋಡುಗಳೆಲ್ಲ ‘ಐ’ ಅಕ್ಷರದಿಂದ ಆರಂಭವಾಗುತ್ತವೆ: ಐ48 ಏಟ್ರಿಯಲ್ ಫಿಬ್ರಿಲೇಶನ್ ಮತ್ತು ಫ್ಲಟರ್, ಐ47 ಇದ್ದಕ್ಕಿದ್ದಂತೆ ಶುರುವಾಗುವ ವೇಗದ ಬಡಿತ, ಐ44 ಹೃದಯದೊಳಗಿನ ವಿದ್ಯುತ್ ಸಂದೇಶಕ್ಕೆ ಉಂಟಾಗುವ ತಡೆ, ಐ49 ಇತರ ಲಯದೋಷಗಳು, ಇದರಲ್ಲೇ ಐ49.5 ಎಂಬುದು ಹೃದಯದ ಸಹಜ ಲಯಕೇಂದ್ರ ದುರ್ಬಲವಾಗುವ ಸಿಕ್ ಸೈನಸ್ ಸಿಂಡ್ರೋಮ್. ರೋಗ ಇನ್ನೂ ಖಚಿತವಾಗದೆ ಲಕ್ಷಣ ಮಾತ್ರ ಇರುವಾಗ ಬಳಸುವ ಕೋಡುಗಳು ‘ಆರ್’ ಅಕ್ಷರದಿಂದ ಆರಂಭವಾಗುತ್ತವೆ: ಆರ್00.2 ಎದೆಬಡಿತದ ಅನುಭವ, ಆರ್55 ಮೂರ್ಛೆ ಅಥವಾ ಎಚ್ಚರ ತಪ್ಪಿ ಬೀಳುವುದು, ಆರ್42 ತಲೆಸುತ್ತು. ಇವೆರಡರ ಹೊರಗೆ ಝಡ್13.6 ಎಂಬ ಮೂರನೆಯ ಬಗೆಯ ಕೋಡೊಂದಿದ್ದು, ಯಾವ ಲಕ್ಷಣವೂ ಇಲ್ಲದವರಲ್ಲಿ ಮುನ್ನೆಚ್ಚರಿಕೆಗಾಗಿ ಮಾಡುವ ಹೃದಯ ತಪಾಸಣೆಯನ್ನು ಅದು ಸೂಚಿಸುತ್ತದೆ. ಚೀಟಿಯಲ್ಲಿ ‘ಜನರಲ್ ಚೆಕಪ್’ ಎಂದಷ್ಟೇ ಬರೆದಿದ್ದರೆ ಕ್ಲೇಮು ಈ ಮೂರನೆಯ ಬಗೆಗೆ ಸೇರಿ, ವೈದ್ಯಕೀಯ ಅಗತ್ಯವಿತ್ತೆಂದು ಸಾಧಿಸುವ ಅವಕಾಶ ಬಹುತೇಕ ಕೈತಪ್ಪುತ್ತದೆ.

ರೋಗದ ಕೋಡು ಮತ್ತು ಲಕ್ಷಣದ ಕೋಡುಗಳ ನಡುವಣ ವ್ಯತ್ಯಾಸವನ್ನು ಕುಟುಂಬಗಳು ಗಂಭೀರವಾಗಿ ಗಮನಿಸಬೇಕು. ವೈದ್ಯರಿಗೆ ಏಟ್ರಿಯಲ್ ಫಿಬ್ರಿಲೇಶನ್ ಇರಬಹುದೆಂಬ ಅನುಮಾನವಿದ್ದು, ಅದನ್ನು ಖಚಿತಪಡಿಸಿಕೊಳ್ಳಲು ಪ್ಯಾಚ್ ಬರೆದುಕೊಟ್ಟಿದ್ದರೆ, ಆ ಹಂತದಲ್ಲಿ ಸರಿಯಾದ ಕೋಡು ಎದೆಬಡಿತದ್ದೋ ಮೂರ್ಛೆಯದ್ದೋ ಆಗಿರುತ್ತದೆಯೇ ಹೊರತು ಐ48 ಆಗಿರುವುದಿಲ್ಲ. ಹೊರರೋಗಿಗಳ ಕೋಡಿಂಗ್‌ನಲ್ಲಿ ‘ಅನುಮಾನ’, ‘ಸಾಧ್ಯತೆ’, ‘ಇದೆಯೇ ಎಂದು ನೋಡಲು’ ಎಂಬ ಮಾತುಗಳ ಆಧಾರದ ಮೇಲೆ ರೋಗವನ್ನು ಖಚಿತವೆಂದು ನಮೂದಿಸಬಾರದೆಂಬುದು ಅಮೆರಿಕದ ಕೋಡಿಂಗ್ ಮಾರ್ಗಸೂಚಿಯ ಸ್ಪಷ್ಟ ನಿಯಮ, ಮತ್ತು ಅದರ ಹಿಂದಿರುವ ವಿವೇಕ ಇಲ್ಲಿಗೂ ಸಲ್ಲುತ್ತದೆ. ಕ್ಲೇಮು ಸುಲಭವಾಗಲೆಂದು ಇಲ್ಲದ ರೋಗವನ್ನು ಬರೆಸಿಕೊಂಡರೆ ಆ ದಾಖಲೆ ವಿಮಾ ಕಂಪನಿಯ ಕಡತದಲ್ಲಿ ಶಾಶ್ವತವಾಗಿ ಉಳಿಯುತ್ತದೆ. ಪಾಲಿಸಿಗೆ ಮೊದಲಿನ 36 ತಿಂಗಳಲ್ಲಿ ವೈದ್ಯರು ಗುರುತಿಸಿದ ಅಥವಾ ಸಲಹೆ, ಚಿಕಿತ್ಸೆ ನೀಡಿದ ಕಾಯಿಲೆಯನ್ನು ಪೂರ್ವಸ್ಥಿತ ರೋಗವೆಂದು ಪರಿಗಣಿಸುವುದರಿಂದ, ಹೊಸ ಪಾಲಿಸಿ ಕೊಳ್ಳುವಾಗ ಅದಕ್ಕೆ ಗರಿಷ್ಠ 36 ತಿಂಗಳ ಕಾಯುವ ಅವಧಿ ಅನ್ವಯವಾಗಬಹುದು. ಹಾಗೆಂದು ಮಾಡಿಸಿದ ಪರೀಕ್ಷೆಯನ್ನು ಹೊಸ ಪಾಲಿಸಿಯ ಅರ್ಜಿಯಲ್ಲಿ ಮುಚ್ಚಿಡುವುದೂ ಸರಿಯಲ್ಲ. ಸತ್ಯವನ್ನು ಸರಿಯಾದ ಕೋಡಿನಲ್ಲಿ ಹೇಳಿದವರಿಗೆ ಮಾತ್ರ ಮುಂದೆ ತಕರಾರಿನ ಭಯವಿರುವುದಿಲ್ಲ.

ಖಾಸಗಿ ವಿಮೆ ಕೊಡುವುದು ಮತ್ತು ಕೊಡದಿರುವುದು

ಐಆರ್‌ಡಿಎಐ 2019ರಲ್ಲಿ ಎಲ್ಲ ಕಂಪನಿಗಳಿಗೂ ಅನ್ವಯಿಸುವಂತೆ ಏಕರೂಪಗೊಳಿಸಿದ ಹೊರಗಿಡುವಿಕೆಗಳ ಪಟ್ಟಿಯಲ್ಲಿ ನಾಲ್ಕನೆಯ ಸಂಖ್ಯೆಯದು ಪರೀಕ್ಷೆ ಮತ್ತು ಮೌಲ್ಯಮಾಪನಕ್ಕೆ ಸಂಬಂಧಿಸಿದೆ. ಮುಖ್ಯವಾಗಿ ಪರೀಕ್ಷೆಗಾಗಿಯೇ ಆಸ್ಪತ್ರೆಗೆ ದಾಖಲಾದರೆ ಆ ವೆಚ್ಚವನ್ನೂ, ಸದ್ಯದ ರೋಗನಿರ್ಣಯ ಮತ್ತು ಚಿಕಿತ್ಸೆಗೆ ಸಂಬಂಧಿಸದ ಪರೀಕ್ಷೆಗಳ ವೆಚ್ಚವನ್ನೂ ಕೊಡಬೇಕಾಗಿಲ್ಲವೆಂದು ಅದು ಹೇಳುತ್ತದೆ. ಆದ್ದರಿಂದ ‘ಒಂದು ರಾತ್ರಿ ಅಡ್ಮಿಟ್ ಆದರೆ ಹೋಲ್ಟರ್ ಕ್ಲೇಮ್ ಆಗುತ್ತದೆ’ ಎಂಬ ಸಲಹೆ ಎಲ್ಲಿಂದ ಬಂದರೂ ಅದನ್ನು ಒಪ್ಪಬಾರದು; ಕ್ಲೇಮು ತಿರಸ್ಕೃತವಾಗಿ ಹಾಸಿಗೆಯ ಬಾಡಿಗೆಯೂ ರೋಗಿಯ ತಲೆಗೇ ಬರುವ ಸಂಭವ ಹೆಚ್ಚು, ಮತ್ತು ಅಗತ್ಯವಿಲ್ಲದ ದಾಖಲಾತಿಯನ್ನು ಅಗತ್ಯವೆಂದು ತೋರಿಸುವುದು ವಂಚನೆಯ ಆರೋಪಕ್ಕೂ ದಾರಿಮಾಡುತ್ತದೆ.

ನ್ಯಾಯವಾದ ದಾರಿಗಳು ಮೂರಿವೆ. ಮೊದಲನೆಯದು ಹೊರರೋಗಿ ವೆಚ್ಚದ ಸೌಲಭ್ಯ, ಅಂದರೆ ಒಪಿಡಿ ಕವರ್. ಕೆಲವು ಪಾಲಿಸಿಗಳಲ್ಲಿ ಮತ್ತು ಕಂಪನಿಗಳ ಸಮೂಹ ವಿಮೆಗಳಲ್ಲಿ ಇದು ವಾರ್ಷಿಕ ಮಿತಿಯೊಂದಿಗೆ ಇರುತ್ತದೆ. ರೋಗನಿರ್ಣಯ ಪರೀಕ್ಷೆಗಳು ಅದರಲ್ಲಿ ಸೇರಿವೆಯೇ, ನಿಗದಿತ ಲ್ಯಾಬಿನಲ್ಲೇ ಮಾಡಿಸಬೇಕೇ, ಮೊದಲೇ ಅನುಮತಿ ಬೇಕೇ ಎಂಬ ಮೂರು ಪ್ರಶ್ನೆಗಳಿಗೆ ಕಂಪನಿಯ ಮಾನವ ಸಂಪನ್ಮೂಲ ವಿಭಾಗದಿಂದ ಲಿಖಿತ ಉತ್ತರ ಪಡೆಯುವುದು ಒಳ್ಳೆಯದು.

ಎರಡನೆಯದು ದಾಖಲಾತಿಗೆ ಮುಂಚಿನ ವೆಚ್ಚ. ಉದಾಹರಣೆಗೆ, ಎಲ್ಲ ಸಾಮಾನ್ಯ ಮತ್ತು ಆರೋಗ್ಯ ವಿಮಾ ಕಂಪನಿಗಳೂ 2020ರಿಂದ ನೀಡುತ್ತಿರುವ ಆರೋಗ್ಯ ಸಂಜೀವಿನಿ ಎಂಬ ಏಕರೂಪ ಪಾಲಿಸಿಯಲ್ಲಿ ದಾಖಲಾತಿಗೆ ಮುಂಚಿನ 30 ದಿನಗಳ ಮತ್ತು ಬಿಡುಗಡೆಯ ನಂತರದ 60 ದಿನಗಳ ವೈದ್ಯಕೀಯ ವೆಚ್ಚ ಸೇರಿದೆ. ಇತರ ಪಾಲಿಸಿಗಳಲ್ಲಿ ಈ ದಿನಗಳು ಹೆಚ್ಚಿರಬಹುದು. ಎರಡು ಷರತ್ತುಗಳಿವೆ: ಯಾವ ಕಾಯಿಲೆಗಾಗಿ ದಾಖಲಾತಿ ಆಯಿತೋ ಅದೇ ಕಾಯಿಲೆಗೆ ಪರೀಕ್ಷೆ ನಡೆದಿರಬೇಕು, ಮತ್ತು ದಾಖಲಾತಿಯ ಕ್ಲೇಮನ್ನು ಕಂಪನಿ ಒಪ್ಪಿರಬೇಕು. ಮೂರ್ಛೆಯ ಕಾರಣ ತಿಳಿಯಲು ಹೋಲ್ಟರ್ ಧರಿಸಿದ ರೋಗಿಯಲ್ಲಿ ಬಡಿತ ದೀರ್ಘವಾಗಿ ನಿಲ್ಲುತ್ತಿರುವುದು ಕಂಡು, ಎರಡು ವಾರದೊಳಗೆ ಪೇಸ್‌ಮೇಕರ್ ಅಳವಡಿಸಿದರೆ, ಹೋಲ್ಟರಿನ ಬಿಲ್ಲನ್ನು ಪೇಸ್‌ಮೇಕರ್ ಕ್ಲೇಮಿನ ಜೊತೆ ಸಲ್ಲಿಸಬಹುದು. ಇಲ್ಲಿ ಹೋಲ್ಟರ್ ಚೀಟಿಯ ಆರ್55, ಬಿಡುಗಡೆ ಸಾರಾಂಶದ ಐ49.5 ಬೇರೆ ಬೇರೆ ಕೋಡುಗಳಾದರೂ, ಮೊದಲನೆಯದು ಎರಡನೆಯದರ ಲಕ್ಷಣವೆಂದು ಬಿಡುಗಡೆ ಸಾರಾಂಶದಲ್ಲಿ ವೈದ್ಯರು ಒಂದು ವಾಕ್ಯ ಬರೆದಿದ್ದರೆ ‘ಅದೇ ಕಾಯಿಲೆ’ ಎಂಬ ಷರತ್ತು ಪೂರೈಸುತ್ತದೆ. ಆ ವಾಕ್ಯವಿಲ್ಲದಿದ್ದರೆ ಎರಡೂ ಕಾಗದಗಳು ಸಂಬಂಧವಿಲ್ಲದವುಗಳಂತೆ ಕಾಣುತ್ತವೆ.

ಮೂರನೆಯದು ಬಿಡುಗಡೆಯ ನಂತರದ ವೆಚ್ಚ. ಪಾರ್ಶ್ವವಾಯುವಿಗೆ ಚಿಕಿತ್ಸೆ ಪಡೆದು ಮನೆಗೆ ಮರಳಿದವರಿಗೆ, ಅಥವಾ ಲಯದೋಷಕ್ಕೆ ಅಬ್ಲೇಶನ್ ಎಂಬ ಚಿಕಿತ್ಸೆ ಮಾಡಿಸಿಕೊಂಡವರಿಗೆ, ವೈದ್ಯರು ಪ್ಯಾಚ್ ಸೂಚಿಸುವುದುಂಟು. ಆ ಸೂಚನೆ ಬಿಡುಗಡೆ ಸಾರಾಂಶದ ಕೊನೆಯಲ್ಲಿರುವ ಸಲಹೆಗಳ ಪಟ್ಟಿಯಲ್ಲೇ ಇದ್ದರೆ ಕ್ಲೇಮಿನ ಬುನಾದಿ ಗಟ್ಟಿಯಾಗುತ್ತದೆ. ಎರಡು ವಾರಗಳ ಪ್ಯಾಚನ್ನು 50ನೆಯ ದಿನ ಅಂಟಿಸಿದರೆ ದಾಖಲೆ ಮುಗಿಯುವ ಹೊತ್ತಿಗೆ 60 ದಿನ ದಾಟಿರುವುದರಿಂದ, ಸಾಧ್ಯವಿದ್ದಲ್ಲಿ ಪರೀಕ್ಷೆಯನ್ನು ಬೇಗ ಆರಂಭಿಸಬೇಕು ಮತ್ತು ಬಿಲ್ಲಿನಲ್ಲಿ ಆರಂಭದ ದಿನಾಂಕ, ಮುಕ್ತಾಯದ ದಿನಾಂಕ ಎರಡೂ ಇರುವಂತೆ ನೋಡಿಕೊಳ್ಳಬೇಕು. ಆರೋಗ್ಯ ಸಂಜೀವಿನಿಯಲ್ಲಿ ದಾಖಲಾತಿಯ ಮತ್ತು ಅದಕ್ಕೆ ಮುಂಚಿನ ವೆಚ್ಚದ ಕಾಗದಗಳನ್ನು ಬಿಡುಗಡೆಯಾದ 30 ದಿನಗಳೊಳಗೆ, ನಂತರದ ವೆಚ್ಚದ ಕಾಗದಗಳನ್ನು ಆ ಚಿಕಿತ್ಸೆ ಮುಗಿದ 15 ದಿನಗಳೊಳಗೆ ಸಲ್ಲಿಸಬೇಕು.

ಈ ಮೂರೂ ದಾರಿಗಳಲ್ಲಿ ಪರೀಕ್ಷೆಯ ಅವಧಿ ಪ್ರಶ್ನೆಗೆ ಒಳಗಾಗಬಹುದು. ವೈದ್ಯಕೀಯವಾಗಿ ಅಗತ್ಯವಾದ ಚಿಕಿತ್ಸೆ ಎಂಬುದಕ್ಕೆ ಐಆರ್‌ಡಿಎಐ ಕೊಟ್ಟಿರುವ ವ್ಯಾಖ್ಯೆಯು ಸೇವೆಯ ವ್ಯಾಪ್ತಿ, ಅವಧಿ, ತೀವ್ರತೆಗಳು ಅಗತ್ಯ ಮೀರಬಾರದೆಂದು ಹೇಳುತ್ತದೆ. 24 ಗಂಟೆಗಳ ಹೋಲ್ಟರ್ ಸಾಕಿತ್ತಲ್ಲ, 14 ದಿನ ಏಕೆ ಎಂದು ಕಂಪನಿ ಕೇಳಿದರೆ ಅದು ಈ ವ್ಯಾಖ್ಯೆಯ ಆಧಾರದ ಮೇಲೆಯೇ. ಲಕ್ಷಣ ವಾರಕ್ಕೊಮ್ಮೆ ಮಾತ್ರ ಬರುತ್ತದೆ ಎಂದೋ, ಹಿಂದಿನ ಹೋಲ್ಟರಿನಲ್ಲಿ ಏನೂ ಸಿಗಲಿಲ್ಲ ಎಂದೋ ಚೀಟಿಯಲ್ಲಿ ಮೊದಲೇ ಬರೆದಿದ್ದರೆ ಉತ್ತರ ಸಿದ್ಧವಾಗಿರುತ್ತದೆ.

ಪಿಂಚಣಿದಾರರು ಮತ್ತು ಸರ್ಕಾರಿ ಯೋಜನೆಗಳು

ಕೇಂದ್ರ ಸರ್ಕಾರದ ನೌಕರರು ಮತ್ತು ಪಿಂಚಣಿದಾರರಿಗಿರುವ ಸಿಜಿಎಚ್‌ಎಸ್ ಯೋಜನೆ ಖಾಸಗಿ ವಿಮೆಯಂತೆ ಹಾಸಿಗೆಯನ್ನು ಆಧರಿಸಿಲ್ಲ; ಹೊರರೋಗಿ ಪರೀಕ್ಷೆಗಳಿಗೂ ಅದರಲ್ಲಿ ದರಪಟ್ಟಿಯಿದೆ, ಹೋಲ್ಟರ್ ಆ ಪಟ್ಟಿಯಲ್ಲಿದೆ. ಕಾರ್ಡು ನೋಂದಾಯಿತವಾದ ವೆಲ್‌ನೆಸ್ ಸೆಂಟರಿನ ವೈದ್ಯರ ಅಥವಾ ಸರ್ಕಾರಿ ತಜ್ಞರ ಶಿಫಾರಸಿನ ಮೇಲೆ, ಯೋಜನೆಯ ಮಾನ್ಯತೆ ಪಡೆದ ಕೇಂದ್ರದಲ್ಲಿ ಪಿಂಚಣಿದಾರರು ಹಣ ಕೊಡದೆ ಪರೀಕ್ಷೆ ಮಾಡಿಸಿಕೊಳ್ಳಬಹುದು. ಪಟ್ಟಿಯಲ್ಲಿಲ್ಲದ ಪರೀಕ್ಷೆಗೆ ಮಾತ್ರ ಮುಂಚಿತವಾಗಿ ಅನುಮತಿ ಬೇಕಾಗುತ್ತದೆ. ಆದ್ದರಿಂದ 7 ಅಥವಾ 14 ದಿನಗಳ ಪ್ಯಾಚನ್ನು ಯಾರಾದರೂ ಸೂಚಿಸಿದಾಗ, ಅದು ಹೋಲ್ಟರ್ ಎಂಬ ಹೆಸರಿನಡಿಯೇ ಬರುತ್ತದೆಯೇ ಅಥವಾ ಪಟ್ಟಿಯ ಹೊರಗಿನ ಪರೀಕ್ಷೆಯಾಗುತ್ತದೆಯೇ ಎಂದು ಅಂಟಿಸಿಕೊಳ್ಳುವ ಮೊದಲೇ ವೆಲ್‌ನೆಸ್ ಸೆಂಟರಿನಲ್ಲಿ ವಿಚಾರಿಸಬೇಕು. ನಂತರ ವಿಚಾರಿಸಿದರೆ ಹೋಲ್ಟರ್ ದರಕ್ಕೂ ಪ್ಯಾಚ್ ದರಕ್ಕೂ ಇರುವ ಅಂತರವನ್ನು ಕೈಯಿಂದ ಕಟ್ಟಬೇಕಾಗಬಹುದು.

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯ ರೀತಿ ಇದಕ್ಕಿಂತ ಭಿನ್ನ. 2018ರಲ್ಲಿ ರೂಪುಗೊಂಡ ಈ ಯೋಜನೆಯಲ್ಲಿ ಹಣ ಸಂದಾಯವಾಗುವುದು ಒಂದೊಂದು ಪರೀಕ್ಷೆಗಲ್ಲ, ಪೂರ್ಣ ಚಿಕಿತ್ಸೆಯ ಪ್ಯಾಕೇಜಿಗೆ. ಪ್ರತಿ ಪ್ಯಾಕೇಜಿಗೂ ಕೋಡು ಇದೆ, ಮತ್ತು ತುರ್ತು ಚಿಕಿತ್ಸೆಯ ‘4ಎ’ ವರ್ಗವನ್ನು ಬಿಟ್ಟರೆ ಖಾಸಗಿ ಆಸ್ಪತ್ರೆಗೆ ಹೋಗಲು ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಸಾಮಾನ್ಯವಾಗಿ ಬೇಕಾಗುತ್ತದೆ. ಹೀಗಾಗಿ ಈ ಕಾರ್ಡು ಹೊಂದಿದವರು ಲಯದೋಷದ ತಪಾಸಣೆಯನ್ನು ಸರ್ಕಾರಿ ಆಸ್ಪತ್ರೆಯಿಂದಲೇ ಆರಂಭಿಸುವುದು ಲಾಭಕರ. ಮಲ್ಲೇಶ್ವರದವರಿಗೆ ಕೆ.ಸಿ. ಜನರಲ್ ಆಸ್ಪತ್ರೆ, ಚಾಮರಾಜಪೇಟೆ ಮತ್ತು ಬಸವನಗುಡಿಯವರಿಗೆ ವಿಕ್ಟೋರಿಯಾ ಆಸ್ಪತ್ರೆ ಸಮೀಪದಲ್ಲಿವೆ. 1972ರಲ್ಲಿ ಇದೇ ವಿಕ್ಟೋರಿಯಾ ಆವರಣದಲ್ಲಿ ಆರಂಭವಾಗಿ ಈಗ ಬನ್ನೇರುಘಟ್ಟ ರಸ್ತೆಯಲ್ಲಿರುವ ಶ್ರೀ ಜಯದೇವ ಹೃದ್ರೋಗ ವಿಜ್ಞಾನ ಮತ್ತು ಸಂಶೋಧನಾ ಸಂಸ್ಥೆಯೂ ಸರ್ಕಾರದ ಅಧೀನದ ಸ್ವಾಯತ್ತ ಸಂಸ್ಥೆಯಾಗಿದೆ.

ಯಾವ ವಿಮೆಯೂ ಇಲ್ಲದ ಹಿರಿಯರ ಮಕ್ಕಳಿಗೆ ಆದಾಯ ತೆರಿಗೆಯಲ್ಲಿ ಒಂದು ಪರಿಹಾರವಿದೆ. 80ಡಿ ಎಂಬ ಹೆಸರಿನಿಂದ ಪರಿಚಿತವಾದ ಕಡಿತದಲ್ಲಿ, 60 ವರ್ಷ ತುಂಬಿದ ಹಾಗೂ ಆರೋಗ್ಯ ವಿಮೆಯಿಲ್ಲದ ತಂದೆತಾಯಿಯ ವೈದ್ಯಕೀಯ ವೆಚ್ಚವನ್ನು ವರ್ಷಕ್ಕೆ 50,000 ರೂಪಾಯಿವರೆಗೆ ತೋರಿಸಲು ಅವಕಾಶವಿದೆ. ಹಳೆಯ ತೆರಿಗೆ ಪದ್ಧತಿಯನ್ನು ಆರಿಸಿಕೊಂಡವರಿಗೆ ಮಾತ್ರ ಇದು ಸಿಗುತ್ತದೆ, ಮತ್ತು ಹಣವನ್ನು ನಗದಾಗಿ ಕೊಟ್ಟಿರಬಾರದು. ಆದ್ದರಿಂದ ಹೋಲ್ಟರಿನ ಹಣವನ್ನು ಯುಪಿಐ, ಕಾರ್ಡು ಅಥವಾ ಚೆಕ್ ಮೂಲಕ ಪಾವತಿಸಿ ರಸೀದಿ ಇಟ್ಟುಕೊಳ್ಳಬೇಕು.

ಚೀಟಿ, ಬಿಲ್ಲು, ವರದಿ

ಪರೀಕ್ಷೆಗೆ ಸಂಬಂಧಿಸಿದ ಮೂರು ಕಾಗದಗಳೂ ಪರಸ್ಪರ ಹೊಂದಿಕೆಯಾಗಬೇಕು. ವೈದ್ಯರ ಚೀಟಿಯಲ್ಲಿ ಲಕ್ಷಣ ಯಾವುದು, ಎಷ್ಟು ದಿನಗಳಿಂದ ಇದೆ, ಎಷ್ಟು ದಿನಕ್ಕೊಮ್ಮೆ ಬರುತ್ತದೆ, ಮೊದಲು ಮಾಡಿಸಿದ ಇಸಿಜಿ ಅಥವಾ ಹೋಲ್ಟರಿನಲ್ಲಿ ಏನು ಕಂಡಿತು, ಈಗ ಎಷ್ಟು ಅವಧಿಯ ದಾಖಲೆ ಬೇಕು ಎಂಬ ಐದು ಸಂಗತಿಗಳಿದ್ದು, ಕೆಳಗೆ ದಿನಾಂಕ, ಸಹಿ ಮತ್ತು ವೈದ್ಯಕೀಯ ಪರಿಷತ್ತಿನ ನೋಂದಣಿ ಸಂಖ್ಯೆ ಇರಬೇಕು. ‘ಹೋಲ್ಟರ್ ಮಾಡಿಸಿ’ ಎಂಬ ಒಂದೇ ಸಾಲಿನ ಚೀಟಿ ಸಾಲದು. ತುಂಬಿದ ಕ್ಲಿನಿಕ್ಕಿನಲ್ಲಿ ವೈದ್ಯರಿಗೆ ಸಮಯ ಕಡಿಮೆ ಇರುವುದು ಸಹಜವಾದ್ದರಿಂದ, ರೋಗಿಯೇ ತನ್ನ ಲಕ್ಷಣಗಳ ದಿನಾಂಕ ಮತ್ತು ಹೊತ್ತನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಹೋದರೆ ಈ ವಿವರ ಚೀಟಿಗೆ ಇಳಿಯುವುದು ಸುಲಭವಾಗುತ್ತದೆ.

ಕೈಗಡಿಯಾರದ ಎಚ್ಚರಿಕೆಯನ್ನು ನೋಡಿ ವೈದ್ಯರ ಬಳಿಗೆ ಬರುವವರ ವಿಷಯದಲ್ಲೂ ಇದೇ ಕ್ರಮ ಪಾಲಿಸಬೇಕು. 2019ರಲ್ಲಿ ಪ್ರಕಟವಾದ ಆಪಲ್ ಹಾರ್ಟ್ ಅಧ್ಯಯನದಲ್ಲಿ ನಾಲ್ಕು ಲಕ್ಷಕ್ಕೂ ಹೆಚ್ಚು ಜನ ಪಾಲ್ಗೊಂಡಿದ್ದರು. ಗಡಿಯಾರ ಎಚ್ಚರಿಕೆ ಕೊಟ್ಟ ಮೇಲೆ ಪ್ಯಾಚ್ ಧರಿಸಿ ಹಿಂದಿರುಗಿಸಿದವರಲ್ಲಿ ಏಟ್ರಿಯಲ್ ಫಿಬ್ರಿಲೇಶನ್ ಕಂಡದ್ದು ಶೇ 34 ಜನರಲ್ಲಿ. ಗಡಿಯಾರದ ಎಚ್ಚರಿಕೆ ಪ್ಯಾಚ್ ಪರೀಕ್ಷೆಗೆ ಕಾರಣವಾಗಬಲ್ಲದು, ಆದರೆ ಅದೇ ರೋಗನಿರ್ಣಯವಲ್ಲ. ಅದರ ಮೇಲೆ ಐ48 ಬರೆಸಿಕೊಳ್ಳುವುದು ತಪ್ಪು.

ಬಿಲ್ಲಿನಲ್ಲಿ ‘ಕಾರ್ಡಿಯಾಕ್ ಟೆಸ್ಟ್’ ಎಂಬ ಮೊತ್ತದ ಸಾಲಿನ ಬದಲು ಪರೀಕ್ಷೆಯ ಪೂರ್ಣ ಹೆಸರು, ಗಂಟೆ ಅಥವಾ ದಿನಗಳ ಲೆಕ್ಕದಲ್ಲಿ ಅವಧಿ, ಸಾಧನ ಅಂಟಿಸಿದ ಮತ್ತು ತೆಗೆದ ದಿನಾಂಕ, ವರದಿಯ ಶುಲ್ಕ ಪ್ರತ್ಯೇಕವಾಗಿದ್ದರೆ ಅದರ ಸಾಲು, ಬಿಲ್ಲಿನ ಸಂಖ್ಯೆ, ಹಣ ಸಂದಾಯದ ರಸೀದಿ ಇರಬೇಕು. ಸಾಧನಕ್ಕಾಗಿ ಕಟ್ಟಿಸಿಕೊಳ್ಳುವ ಠೇವಣಿ ಪರೀಕ್ಷೆಯ ವೆಚ್ಚವಲ್ಲವಾದ್ದರಿಂದ ಅದಕ್ಕೆ ಬೇರೆ ರಸೀದಿ ಕೇಳಬೇಕು. ಖಾಸಗಿ ವೈದ್ಯಕೀಯ ಸಂಸ್ಥೆಗಳು ತಮ್ಮ ದರಗಳನ್ನು ಪ್ರದರ್ಶಿಸಬೇಕೆಂದು 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ ವಿಧಿಸಿರುವುದರಿಂದ, ದರವನ್ನೂ ವಿವರವಾದ ಬಿಲ್ಲನ್ನೂ ಕೇಳಲು ಸಂಕೋಚಪಡಬೇಕಾಗಿಲ್ಲ.

ವರದಿಯಲ್ಲಿ ಒಟ್ಟು ದಾಖಲಾದ ಸಮಯ, ಅದರಲ್ಲಿ ಓದಲು ಯೋಗ್ಯವಾದ ಸಮಯ, ಬಡಿತದ ಕನಿಷ್ಠ, ಸರಾಸರಿ, ಗರಿಷ್ಠ ವೇಗ, ಲಯದೋಷಗಳ ಸಂಖ್ಯೆ ಮತ್ತು ಅವಧಿ, ರೋಗಿ ಗುಂಡಿ ಒತ್ತಿದ ಹೊತ್ತಿನಲ್ಲಿ ಕಂಡ ಲಯ, ಕೊನೆಯಲ್ಲಿ ವೈದ್ಯರ ಅಭಿಪ್ರಾಯ ಮತ್ತು ಸಹಿ ಇರಬೇಕು; ಯಂತ್ರ ತಾನಾಗಿ ಮುದ್ರಿಸಿದ ಪುಟಗಳು ವೈದ್ಯರ ಸಹಿಯಿಲ್ಲದೆ ಪೂರ್ಣ ವರದಿಯಾಗುವುದಿಲ್ಲ. ಸಾಧನ ಧರಿಸಿದ ದಿನಗಳಲ್ಲಿ ಎದೆಬಡಿತ, ತಲೆಸುತ್ತು ಬಂದ ಹೊತ್ತನ್ನು ಡೈರಿಯಲ್ಲಿ ಬರೆದಿಟ್ಟು ಅದರ ಪ್ರತಿಯನ್ನು ಕ್ಲೇಮಿಗೆ ಲಗತ್ತಿಸಿದರೆ, ಪರೀಕ್ಷೆ ಲಕ್ಷಣದ ಬೆನ್ನುಹತ್ತಿ ನಡೆದದ್ದೆಂಬುದು ತಾನಾಗಿ ಸಿದ್ಧವಾಗುತ್ತದೆ. ಮೂಲ ಕಾಗದಗಳನ್ನು ಸಲ್ಲಿಸುವ ಮುನ್ನ ಎಲ್ಲವನ್ನೂ ಸ್ಕ್ಯಾನ್ ಮಾಡಿಟ್ಟುಕೊಳ್ಳಬೇಕು. ಕಾಗದ ಕಳೆದುಹೋದರೂ ದಾರಿ ಮುಚ್ಚುವುದಿಲ್ಲ; 2002ರ ವೈದ್ಯಕೀಯ ವೃತ್ತಿ ನಿಯಮಾವಳಿಯ ಪ್ರಕಾರ, ರೋಗಿ ಕೇಳಿದ 72 ಗಂಟೆಗಳೊಳಗೆ ದಾಖಲೆಗಳನ್ನು ಒದಗಿಸುವುದು ವೈದ್ಯರ ಕರ್ತವ್ಯ.

ಅಮೆರಿಕದಿಂದ ಬರುವ ಬಿಲ್ಲು

ಮಕ್ಕಳ ಮನೆಗೆಂದು ಅಮೆರಿಕಕ್ಕೆ ಹೋದ ಹಿರಿಯರಿಗೆ ಅಲ್ಲಿ ಇದೇ ಪರೀಕ್ಷೆಯಾದರೆ ಬಿಲ್ಲಿನಲ್ಲಿ ರೋಗದ ಕೋಡಿನ ಜೊತೆ ಸೇವೆಯ ಕೋಡೂ ಇರುತ್ತದೆ. ಸಿಪಿಟಿ ಎಂಬ ಈ ಐದಂಕಿಯ ಕೋಡುಗಳನ್ನು ಅಮೆರಿಕನ್ ಮೆಡಿಕಲ್ ಅಸೋಸಿಯೇಶನ್ ನಿರ್ವಹಿಸುತ್ತದೆ. ಬೆಂಗಳೂರಿನ ಕಚೇರಿಗಳಲ್ಲಿ ಮೆಡಿಕಲ್ ಕೋಡಿಂಗ್ ಉದ್ಯೋಗ ಮಾಡುವ ಯುವಜನರು ದಿನವೂ ಓದುವುದು ಇವನ್ನೇ. 48 ಗಂಟೆಗಳವರೆಗಿನ ಹೋಲ್ಟರಿಗೆ 93224ರಿಂದ 93227ರವರೆಗಿನ ಕೋಡುಗಳಿವೆ. 2021ರ ಜನವರಿ 1ರಿಂದ ದೀರ್ಘ ದಾಖಲೆಗೆ ಎರಡು ಹೊಸ ಗುಂಪುಗಳು ಸೇರಿದವು: 48 ಗಂಟೆ ಮೀರಿ 7 ದಿನಗಳವರೆಗೆ 93241ರಿಂದ 93244, 7 ದಿನ ಮೀರಿ 15 ದಿನಗಳವರೆಗೆ 93245ರಿಂದ 93248. ಪ್ರತಿ ಗುಂಪಿನ ಮೊದಲ ಕೋಡು ಇಡೀ ಸೇವೆಯದು. ಉಳಿದ ಮೂರು ಕ್ರಮವಾಗಿ ಸಾಧನ ಜೋಡಿಸಿ ದಾಖಲಿಸುವುದು, ದಾಖಲೆಯನ್ನು ವಿಶ್ಲೇಷಿಸಿ ವರದಿ ಸಿದ್ಧಪಡಿಸುವುದು, ವೈದ್ಯರು ಪರಿಶೀಲಿಸಿ ಅಭಿಪ್ರಾಯ ಕೊಡುವುದು ಎಂಬ ಭಾಗಗಳವು.

ಈ ರಚನೆ ತಿಳಿದಿದ್ದರೆ ಬಿಲ್ಲಿನ ತಪ್ಪುಗಳನ್ನು ಮನೆಯವರೇ ಗುರುತಿಸಬಹುದು. ಇಡೀ ಸೇವೆಯ ಕೋಡಿನ ಜೊತೆಗೆ ಭಾಗಗಳ ಕೋಡುಗಳೂ ಇದ್ದರೆ ಒಂದೇ ಕೆಲಸಕ್ಕೆ ಎರಡು ಬಾರಿ ಹಣ ಕೇಳಿದಂತಾಗುತ್ತದೆ. ಕೋಡು ಇಡೀ ದಾಖಲೆಯ ಅವಧಿಗೆ ಒಮ್ಮೆ ಬರಬೇಕೇ ಹೊರತು ದಿನಕ್ಕೊಮ್ಮೆ ಅಲ್ಲ. 14 ದಿನಕ್ಕೆಂದು ಕೊಟ್ಟ ಪ್ಯಾಚ್ ಆರನೆಯ ದಿನವೇ ಕಳಚಿಬಿದ್ದು ದಾಖಲೆ ಅಲ್ಲಿಗೇ ನಿಂತಿದ್ದರೆ, ಕೋಡು ನಿಜವಾಗಿ ದಾಖಲಾದ ಅವಧಿಗೆ ತಕ್ಕಂತೆ 7 ದಿನಗಳ ಗುಂಪಿನಿಂದಲೇ ಬರಬೇಕು. ಪ್ರವಾಸಿ ವಿಮೆಯಲ್ಲಿ ಪೂರ್ವಸ್ಥಿತ ರೋಗಗಳನ್ನು ಸಾಮಾನ್ಯವಾಗಿ ಹೊರಗಿಡುವುದರಿಂದ, ಹಳೆಯ ಲಯದೋಷವಿರುವವರು ಹೊರಡುವ ಮೊದಲೇ ಬೆಂಗಳೂರಿನಲ್ಲಿ ತಪಾಸಣೆ ಮುಗಿಸಿ, ವರದಿಯನ್ನು ಕೈಯಲ್ಲಿ ಹಿಡಿದು ಹೋಗುವುದು ಜಾಣತನ.

ಕ್ಲೇಮು ತಿರಸ್ಕೃತವಾದರೆ

ಕ್ಲೇಮುಗಳನ್ನು ವಿಮಾ ಕಂಪನಿಯ ಪರವಾಗಿ ಪರಿಶೀಲಿಸುವ ಮಧ್ಯಸಂಸ್ಥೆಯೇ ಟಿಪಿಎ. ಆದರೆ ಒಪ್ಪುವ, ತಿರಸ್ಕರಿಸುವ ಹೊಣೆ ವಿಮಾ ಕಂಪನಿಯದು. ಕಂಪನಿಯ ಪರಿಶೀಲನಾ ಸಮಿತಿಯ ಒಪ್ಪಿಗೆಯಿಲ್ಲದೆ ಕ್ಲೇಮನ್ನು ತಿರಸ್ಕರಿಸಬಾರದು ಮತ್ತು ಪಾಲಿಸಿಯ ಯಾವ ಷರತ್ತಿನ ಮೇಲೆ ತಿರಸ್ಕರಿಸಲಾಗಿದೆ ಎಂದು ತಿಳಿಸಲೇಬೇಕು ಎಂದು ಐಆರ್‌ಡಿಎಐ 2024ರ ಮೇ ತಿಂಗಳ ಸುತ್ತೋಲೆಯಲ್ಲಿ ಸ್ಪಷ್ಟಪಡಿಸಿದೆ. ಹಾಗಾಗಿ ಮೊದಲು ತಿರಸ್ಕಾರದ ಪತ್ರದಲ್ಲಿ ಷರತ್ತಿನ ಸಂಖ್ಯೆಯನ್ನು ಹುಡುಕಬೇಕು. ನಾಲ್ಕನೆಯ ಹೊರಗಿಡುವಿಕೆಯನ್ನು ಉಲ್ಲೇಖಿಸಿದ್ದರೆ, ಪರೀಕ್ಷೆ ಯಾವ ಚಿಕಿತ್ಸೆಗೆ ದಾರಿಯಾಯಿತೆಂದು ವೈದ್ಯರಿಂದ ಪತ್ರ ಪಡೆದು ಕಂಪನಿಯ ದೂರು ವಿಭಾಗಕ್ಕೆ ಬರೆಯಬೇಕು. ಕೋಡು ತಪ್ಪಾಗಿದ್ದರೆ ಆಸ್ಪತ್ರೆಯಿಂದ ತಿದ್ದಿದ ‘ಬಿ’ ಭಾಗವನ್ನು ಪಡೆದು ಮತ್ತೆ ಸಲ್ಲಿಸಬೇಕು. ಐಆರ್‌ಡಿಎಐಯ ಬಿಮಾ ಭರೋಸಾ ಜಾಲತಾಣದಲ್ಲೂ ದೂರು ದಾಖಲಿಸಬಹುದು.

ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ತೃಪ್ತಿಕರವಾಗಿರದಿದ್ದರೆ, ಒಂದು ವರ್ಷದೊಳಗೆ ವಿಮಾ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಕರ್ನಾಟಕದ ವ್ಯಾಪ್ತಿಯ ಕಚೇರಿ ಜೆ.ಪಿ. ನಗರ ಮೊದಲನೇ ಹಂತದ 24ನೇ ಮುಖ್ಯರಸ್ತೆಯ ಜೀವನ್ ಸೌಧದಲ್ಲಿದೆ. ಅಲ್ಲಿ ಶುಲ್ಕವಿಲ್ಲ, ವಕೀಲರ ಅಗತ್ಯವೂ ಇಲ್ಲ. 50 ಲಕ್ಷ ರೂಪಾಯಿವರೆಗಿನ ವ್ಯಾಜ್ಯಗಳನ್ನು ಅದು ಕೈಗೆತ್ತಿಕೊಳ್ಳುತ್ತದೆ. ಹೋಲ್ಟರಿನಂಥ ಸಣ್ಣ ಮೊತ್ತಕ್ಕೆ ಇಷ್ಟು ಶ್ರಮವೇಕೆ ಎಂದು ಹಿರಿಯರು ಕೈಬಿಡುವುದುಂಟು. ಆದರೆ ತಪ್ಪು ಕೋಡೊಂದು ಕಡತದಲ್ಲಿ ಹಾಗೆಯೇ ಉಳಿದರೆ ಮುಂದಿನ ದೊಡ್ಡ ಕ್ಲೇಮಿಗೂ ಅದೇ ಅಡ್ಡಿಯಾಗುವುದರಿಂದ, ಈ ಶ್ರಮವನ್ನು ಮೊತ್ತದಿಂದ ಮಾತ್ರ ಅಳೆಯಬಾರದು.

ಇಷ್ಟೆಲ್ಲ ಎಚ್ಚರ ವಹಿಸಿದ ಮೇಲೂ ಕೆಲವು ಪಾಲಿಸಿಗಳಲ್ಲಿ ಈ ಪರೀಕ್ಷೆಯ ಹಣ ಮರಳದಿರಬಹುದು. ಆ ಕಾರಣಕ್ಕೆ ಪರೀಕ್ಷೆಯನ್ನು ಮುಂದೂಡುವುದು ಸರ್ವಥಾ ಸಲ್ಲದು. ಹೋಲ್ಟರಿನ ಖರ್ಚು ಒಮ್ಮೆ ಮಾಡುವಂಥದ್ದು, ಪತ್ತೆಯಾಗದ ಲಯದೋಷದಿಂದ ಬರುವ ಪಾರ್ಶ್ವವಾಯುವಿನ ಹೊರೆಯನ್ನು ಮನೆಮಂದಿಯೆಲ್ಲ ವರ್ಷಗಟ್ಟಲೆ ಹೊರಬೇಕಾಗುತ್ತದೆ. ವೈದ್ಯರ ಕೊಠಡಿಯಿಂದ ಹೊರಬರುವ ಮೊದಲು ಚೀಟಿಯನ್ನು ಒಮ್ಮೆ ಓದಿ, ಲಕ್ಷಣ, ಕಾರಣ, ಅವಧಿ ಮೂರೂ ಅದರಲ್ಲಿವೆಯೇ ಎಂದು ನೋಡಿ, ಇಲ್ಲದಿದ್ದರೆ ಬರೆದುಕೊಡುವಂತೆ ವಿನಂತಿಸುವುದಕ್ಕೆ ಬೇಕಾದದ್ದು ಒಂದು ನಿಮಿಷ. ಆ ಒಂದು ನಿಮಿಷವನ್ನು ಪ್ರತಿ ಕುಟುಂಬವೂ ತೆಗೆದಿಡಬೇಕು.